ದೀಪ ಹಚ್ಚುವ ಹೊತ್ತಿನ ಪ್ರಶ್ನೆ

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಲ್ಲಿ ಯಾರಾದರೂ ಹೇಳುತ್ತಾರೆ. ಕೊಡಿಗೇನಹಳ್ಳಿ ಹೋಬಳಿಯಲ್ಲಿ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿದ್ದೇನೆ. ಬಸುರಿಯರನ್ನು ಬೈದು ಬೈದು ಆಸ್ಪತ್ರೆಗೆ ಹೊರಡಿಸಿದ್ದೇನೆ. ಮಗುವಿಗೆ ಲಸಿಕೆ ಬೇಡವೆಂದು ಬಾಗಿಲು ಹಾಕಿಕೊಂಡವರ ಜಗುಲಿ ಮೇಲೆ ಮಧ್ಯಾಹ್ನದವರೆಗೂ ಕೂತು, ಬೀದಿಗೆಲ್ಲ ಕೇಳುವ ಹಾಗೆ ಅವರ ಮಾನ ಕಳೆದಿದ್ದೇನೆ. ಸಿದ್ದಗಂಗಮ್ಮ ಬಂದಳು ಎಂದರೆ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಈ ಬಾಯಿಯ ಮೇಲೆ ನನಗೆ ಹೆಮ್ಮೆ ಇತ್ತು. ಆದರೆ ಕೇಳಲೇಬೇಕಾಗಿದ್ದ ಒಂದು ಮಾತನ್ನು ಈ ಬಾಯಿ ಕರಿಬಸಮ್ಮನ ಮಗಳು ಲೋಹಿತಾಳನ್ನು ಕೇಳಲಿಲ್ಲ.

ಕಳೆದ ವರ್ಷ ಮಧುಗಿರಿಯಲ್ಲಿ ನಮಗೆ ಮೂರು ದಿನದ ತರಬೇತಿ ಕೊಟ್ಟರು. ಒಂದು ಸಂಸ್ಥೆಯವರು ಮೊಬೈಲ್ ಆ್ಯಪ್ ತಂದಿದ್ದರು. ಜೀವ ಕಳೆದುಕೊಳ್ಳಲು ಹೋಗಿ ಉಳಿದು ಬಂದವರು, ಬದುಕು ಬೇಡವೆನ್ನುವ ಹಾಗೆ ಮಂಕಾಗಿ ಕೂತವರು, ಇಂಥವರ ಮನೆಯ ಫೋನಿಗೆ ಅದನ್ನು ಹಾಕಿಕೊಡುವುದು ನಮ್ಮ ಕೆಲಸ. ದಿನಕ್ಕೊಮ್ಮೆ ಗಂಟೆ ಬಾರಿಸಿ ಅದು ಕೇಳುತ್ತದೆ: ಇವತ್ತು ನಿಮ್ಮ ಮನಸ್ಸು ಹೇಗಿದೆ? ಕೆಳಗೆ ಮೂರು ಮುಖ. ಒಂದು ನಗುವ ಮುಖ, ಒಂದು ಸುಮ್ಮನಿರುವ ಮುಖ, ಒಂದು ಅಳುವ ಮುಖ. ನಗುವ ಮುಖ ಒತ್ತಿದರೆ ನನ್ನ ಫೋನಿನಲ್ಲಿ ಹಸಿರು ಚುಕ್ಕೆ. ಅಳುವ ಮುಖ ಒತ್ತಿದರೆ ಕೆಂಪು ಚುಕ್ಕೆ, ಜೊತೆಗೆ ಕಿವಿ ಕಿತ್ತುಹೋಗುವಂಥ ಸದ್ದು. ಕೂಡಲೇ ನಾನು ಆ ಮನೆಗೆ ಹೋಗಬೇಕು. ಅದಕ್ಕೆ ಏನೋ ದೊಡ್ಡ ಹೆಸರಿತ್ತು. ನಾವೆಲ್ಲ ಮುಖದ ಆ್ಯಪ್ ಎಂದೇ ಕರೆದೆವು.

ತರಬೇತಿ ಕೊಟ್ಟವಳು ಶಿರಾದ ಹುಡುಗಿ, ಮಹಜಬೀನ್. ಆಪ್ತಸಮಾಲೋಚಕಿ. ನೋಡಿದರೆ ಕಾಲೇಜಿಗೆ ಹೋಗುವವಳ ಹಾಗಿದ್ದಳು, ಮಾತು ಮಾತ್ರ ಅಳೆದು ತೂಗಿ ಆಡುತ್ತಿದ್ದಳು. ಆ್ಯಪ್ ಹಾಕುವ ಮೊದಲು ನಾವು ಆ ಮನುಷ್ಯರ ಎದುರಿಗೆ ಕೂತು ನೇರವಾಗಿ ಒಂದು ಪ್ರಶ್ನೆ ಕೇಳಬೇಕು ಎಂದಳು. "ಸಾಯಬೇಕು ಅನ್ನಿಸುತ್ತಾ ಅಂತ ಇದೇ ಮಾತಲ್ಲಿ ಕೇಳಿ. ಸುತ್ತಿ ಬಳಸಿ ಕೇಳಬೇಡಿ. ಕೇಳಿದ್ದಕ್ಕೆ ಯಾರೂ ಸಾಯಲ್ಲ. ಕೇಳಿದರೆ ಅವರಿಗೆ ಉಸಿರು ಬರುತ್ತೆ."

ಹಾಲ್‌ನಲ್ಲಿದ್ದ ಅರವತ್ತು ಜನರೂ ಮುಖ ಮುಖ ನೋಡಿಕೊಂಡೆವು. ಎದ್ದು ನಿಂತವಳು ನಾನೇ.

"ಮೇಡಂ, ನಮ್ಮೂರಲ್ಲಿ ಸಂಜೆ ಹೊತ್ತು ಪಕ್ಕದ ಮನೇರು ಸೂಜಿ ಕೇಳಿದ್ರೂ ಕೊಡಲ್ಲ. ಉಪ್ಪು ಅನ್ನಲ್ಲ, ರುಚಿ ಅಂತೀವಿ. ಅಂಥಾದ್ರಲ್ಲಿ ನಾನು ಒಬ್ಬರ ಮನೆ ಹೊಸಿಲು ದಾಟಿ ಹೋಗಿ ಸಾಯ್ತೀಯಾ ಅಂತ ಕೇಳ್ಲಾ? ಪೊರಕೆ ತಕೊಂಡು ಓಡುಸ್ತಾರೆ."

ಎಲ್ಲರೂ ನಕ್ಕರು. ಮಹಜಬೀನ್ ಕೂಡ ನಕ್ಕಳು. ಆಮೇಲೆ, "ಆದರೂ ಕೇಳಿ ಅಕ್ಕಾ" ಎಂದಳು. ನಾನು ಕೂತೆ. ನನ್ನ ಮಾತಿಗೆ ಅಷ್ಟು ಜನ ನಕ್ಕರಲ್ಲ, ಅದೇ ನನಗೆ ದೊಡ್ಡದಾಗಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಮೊದಲ ತಿಂಗಳಲ್ಲೇ ಒಂದು ಮಧ್ಯಾಹ್ನ ಕದಿರಯ್ಯನ ಹೆಸರಿನ ಮುಂದೆ ಕೆಂಪು ಚುಕ್ಕೆ ಬಂತು. ಹೆಂಡತಿ ತೀರಿಕೊಂಡ ಮೇಲೆ ಮಂಕಾಗಿದ್ದ ಮುದುಕ ಅವನು, ತೋಟದ ಮನೆಯಲ್ಲಿದ್ದ. ಸುಡು ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ಓಡಿದೆ. ಹೋಗಿ ನೋಡಿದರೆ ಅವನು ಮುದ್ದೆ ಮುರಿದು ಹುಳಿಗೆ ಅದ್ದುತ್ತಿದ್ದಾನೆ. "ಬಾರಮ್ಮ, ಉಣ್ಣು ಬಾ. ಅದ್ಯಾಕೋ ಬೆಳ್ಳು ಜಾರ್ಬುಡ್ತು" ಎಂದು ನಕ್ಕ. ನನಗೆ ಬಂದ ಸಿಟ್ಟಿಗೆ ಅವನ ತಟ್ಟೆಯನ್ನೇ ಎತ್ತಿ ಎಸೆಯಬೇಕೆನ್ನಿಸಿತ್ತು. ಮುಂದಿನ ಸಭೆಯಲ್ಲಿ ಕುಣಿದುಬಿಟ್ಟೆ. ಹಳ್ಳಿಯವರ ಬೆರಳು ದಪ್ಪ, ಕೈತಪ್ಪಿ ಒತ್ತುತ್ತಾರೆ, ನಾವೇನು ಓಟದ ಕುದುರೆಗಳಾ, ಒತ್ತಿದ್ದನ್ನು ತಿದ್ದಿಕೊಳ್ಳಲು ಅವರಿಗೆ ಹೊತ್ತು ಕೊಡಿ ಎಂದೆ. ಮಿಕ್ಕವರೂ ನನ್ನ ಹಿಂದೆ ದನಿಗೂಡಿಸಿದರು. ಸಂಸ್ಥೆಯವರು ಒಪ್ಪಿದರು. ಅಂದಿನಿಂದ ಒಂದು ಮುಖ ಒತ್ತಿದರೆ ಅದನ್ನು ಬದಲಾಯಿಸಲು ಅರ್ಧ ಗಂಟೆ ಬಿಡುವು. ಅರ್ಧ ಗಂಟೆ ಮುಗಿದಾಗ ಕೊನೆಗೆ ಯಾವ ಮುಖ ಉಳಿದಿರುತ್ತದೋ ಅದಷ್ಟೇ ನಮ್ಮ ಫೋನಿಗೆ ಬರುತ್ತದೆ. ಆ ಅರ್ಧ ಗಂಟೆಯನ್ನು ಜಗಳ ಮಾಡಿ ಕೊಡಿಸಿದವಳು ನಾನು.

ಲೋಹಿತಾ ನನ್ನ ಕಣ್ಣೆದುರಿಗೆ ಬೆಳೆದ ಹುಡುಗಿ. ಅವಳ ತಾಯಿ ಕರಿಬಸಮ್ಮನನ್ನು ನಾನು ಅಕ್ಕ ಎನ್ನುತ್ತೇನೆ, ಅದಕ್ಕೆ ಅವಳಿಗೆ ನಾನು ಚಿಕ್ಕಮ್ಮ. ತಂದೆ ಚೌಡಯ್ಯ ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ದಿನವಿಡೀ ಹಿಂದೂಪುರ, ಮಧುಗಿರಿ ಎಂದು ಕೂಗಿ ಕೂಗಿ, ಮನೆಯಲ್ಲಿ ಬಾಯಿ ಬಿಡದ ಮನುಷ್ಯ. ಲೋಹಿತಾಳನ್ನು ಪಾವಗಡದ ಕಡೆ ಕೊಟ್ಟಿದ್ದರು. ಗಂಡ ಪ್ರಭುದೇವ್ ರಾಯಚರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ, ಕೆಟ್ಟವನಲ್ಲ. ಮಗು ಹುಟ್ಟಿ ಹತ್ತೊಂಬತ್ತು ದಿನ ಇತ್ತು, ಇಪ್ಪತ್ತನೆಯ ದಿನ ಇರಲಿಲ್ಲ. ಅಷ್ಟೇ. ಎದೆಯಲ್ಲಿ ಹಾಲು ಇನ್ನೂ ನಿಂತಿರಲಿಲ್ಲ, ಆಗಲೇ ತವರಿಗೆ ಬಂದಳು. ಗಂಡ ಮೊದಮೊದಲು ಪ್ರತಿ ಭಾನುವಾರ ಬಂದ, ಬಂದು ಏನು ಮಾತಾಡಬೇಕೆಂದು ತಿಳಿಯದೆ ಕೂತು ಎದ್ದು ಹೋದ, ಆಮೇಲೆ ಬರುವುದು ಕಡಿಮೆಯಾಯಿತು. ಲೋಹಿತಾ ಒಂದು ದಿನ ಜೀವ ಕಳೆದುಕೊಳ್ಳಲು ಹೋದಳು. ಹೇಗೋ ಉಳಿಸಿಕೊಂಡರು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳ ಹೆಸರು ನನ್ನ ಪಟ್ಟಿಗೆ ಸೇರಿತು.

ನಾನು ಹೋದ ದಿನ ಅವಳ ಕೈಯಲ್ಲಿ ಫೋನು ಇರಲಿಲ್ಲ. ಕೇಳಿದರೆ ಕರಿಬಸಮ್ಮ, "ಅದೇ ಕಣೆ ಎಲ್ಲಕ್ಕೂ ಮೂಲ. ಮಗೀನ ಫೋಟೋ ನೋಡ್ಕಂಡು ನೋಡ್ಕಂಡು ಇಂಗಾಗ್ಬುಟ್ಲು. ಬೀರುನಾಗಿಟ್ಟು ಬೀಗ ಹಾಕಿವ್ನಿ" ಎಂದಳು. ಕರಿಬಸಮ್ಮನದು ಬಟನ್ ಫೋನು, ಅದಕ್ಕೆ ಆ್ಯಪ್ ಹತ್ತುವುದಿಲ್ಲ. ಉಳಿದದ್ದು ಚೌಡಯ್ಯನ ಫೋನು. ಅವನು ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವುದು ಸಂಜೆ ಆರಕ್ಕೆ. ಹಾಗಾಗಿ ಗಂಟೆ ಬಾರಿಸುವ ಹೊತ್ತನ್ನು ಸಂಜೆ ಆರು ಎಂದು ಇಟ್ಟೆ. ಅವನು ಬಂದು ಫೋನನ್ನು ನಡುಮನೆಯಲ್ಲಿ, ದೇವರ ಮನೆ ಪಕ್ಕದ ಪ್ಲಗ್ಗಿಗೆ ಚಾರ್ಜಿಗೆ ಹಾಕುತ್ತಾನೆ. ಲೋಹಿತಾ ಅಲ್ಲೇ ಹೋಗಿ ಒತ್ತಬಹುದು. ಬಹಳ ಸಲೀಸಾಯಿತು ಎಂದುಕೊಂಡೆ.

ಆಮೇಲೆ ಫಾರಂ ತೆಗೆದೆ. ಮೇಲೇ ಆ ಪ್ರಶ್ನೆ ಇತ್ತು. ಕರಿಬಸಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಹಿತಾ ಗೋಡೆಗೆ ಒರಗಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನಾನು ಅವಳ ಮುಖ ನೋಡಿದೆ, ಫಾರಂ ನೋಡಿದೆ.

"ಊಟ ಆಯ್ತೇನಮ್ಮ?" ಎಂದು ಕೇಳಿದೆ.

"ಆಯ್ತು ಚಿಕ್ಕಮ್ಮ."

ಪ್ರಶ್ನೆಯ ಮುಂದೆ ಇಲ್ಲ ಎಂದು ಗುರುತು ಹಾಕಿದೆ. ಊಟ ಆಯ್ತಾ ಎಂದರೆ ನಮ್ಮಲ್ಲಿ ಯಾರಾದರೂ ಆಗಿಲ್ಲ ಎನ್ನುತ್ತಾರೆಯೇ? ಉಪವಾಸ ಬಿದ್ದವರೂ ಆಯಿತು ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಮೂರು ಮುಖಗಳನ್ನೂ ತೋರಿಸಿ ಹೇಳಿಕೊಟ್ಟೆ. "ಬಾಯಲ್ಲಿ ಹೇಳಕ್ಕಾಗ್ದೆ ಇದ್ರೆ ಬ್ಯಾಡ ಕಣಮ್ಮ, ಒತ್ತು ಸಾಕು. ಅಳೋ ಮುಖ ಒತ್ತಿದ್ರೆ ನಾನು ಎಲ್ಲಿದ್ರೂ ಬಂದು ನಿಮ್ಮ ಬಾಗ್ಲಲ್ಲಿ ನಿಂತಿರ್ತೀನಿ. ನನ್ ಮೇಲಾಣೆ."

ಅವಳು ಅಳುವ ಮುಖದ ಮೇಲೆ ಬೆರಳು ಇಟ್ಟೂ ಇಡದ ಹಾಗೆ ಮುಟ್ಟಿ ನೋಡಿದಳು. "ನೀವೇ ಬರ್ತೀರಾ?" ಎಂದಳು.

"ನಾನೇ."

ಅದಾದ ಮೇಲೆ ದಿನಾ ಸಂಜೆ ಆರೂವರೆಗೆ ನನ್ನ ಫೋನಿನಲ್ಲಿ ಲೋಹಿತಾಳ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತಿತ್ತು. ಒಂದು ದಿನ ತಪ್ಪಲಿಲ್ಲ. ವಾರವೆಲ್ಲ ಹಸಿರಿದ್ದರೆ ಹದಿನೈದು ದಿನಕ್ಕೊಮ್ಮೆ ಮನೆಗೆ ಹೋದರೆ ಸಾಕು ಎಂಬುದು ನಿಯಮ. ಹದಿನೈದನೆಯ ದಿನ ಹೋದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕರಿಬಸಮ್ಮ ಚಕ್ಕುಲಿ ಕೊಟ್ಟಳು. ಚಕ್ಕುಲಿ ತಿಂದು, ಊಟ ಆಯ್ತಾ ಎಂದು ಕೇಳಿ, ಗುರುತು ಹಾಕಿ ಬಂದೆ. ಮತ್ತೆ ಹದಿನೈದು ದಿನಕ್ಕೆ ಹೋಗಬೇಕಿತ್ತು, ಆ ವಾರ ಲಸಿಕೆ ಕೆಲಸ ತಲೆ ಮೇಲೆ ಬಂದಿತ್ತು. ಹಸಿರು ಚುಕ್ಕೆ ಬೀಳುತ್ತಿದೆಯಲ್ಲ, ಹುಡುಗಿ ಚೇತರಿಸಿಕೊಂಡಳು ಎಂದು ಬಿಟ್ಟೆ.

ಒಂದು ಬೆಳಿಗ್ಗೆ ಡೈರಿ ಮುಂದೆ ಸಿಕ್ಕಳು. ಕೈಯಲ್ಲಿ ಹಾಲಿನ ಕ್ಯಾನು. ನಾನು ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಆಟೋ ಕಾಯುತ್ತಿದ್ದೆ. ಅವಳೇ ಹತ್ತಿರ ಬಂದಳು. ಅವಳಾಗಿ ಯಾರ ಹತ್ತಿರವೂ ಬಾರದವಳು ಬಂದಳಲ್ಲ ಎಂದು ನನಗೆ ಖುಷಿಯಾಯಿತು.

"ಚಿಕ್ಕಮ್ಮ, ನಾನು ದಿನಾ ಒತ್ತೋದು ನಿಮ್ ಫೋನಿಗೆ ಬರ್ತೈತಾ?"

"ಬರ್ದೆ ಏನಮ್ಮ. ದಿನಾ ಬರ್ತೈತೆ."

"ನೀವು ನೋಡ್ತೀರಾ?"

"ದಿನಾ ನೋಡ್ತೀನಿ ಕಣಮ್ಮ. ನೋಡಿ ಎಷ್ಟು ಸಂತೋಷ ಆಗ್ತೈತೆ ಗೊತ್ತಾ? ಇಂಗೇ ಒತ್ತುತಾ ಇರು."

ಅವಳು ನನ್ನನ್ನೇ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಏನೋ ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಆಟೋ ಬಂತು. "ನೋಡ್ತೀರಾ" ಎಂದು ಇನ್ನೊಂದು ಸಲ ಅಂದಳು, ಅದು ಪ್ರಶ್ನೆಯೂ ಅಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ. ಆಟೋ ಹೊರಟ ಮೇಲೆ ತಿರುಗಿ ನೋಡಿ ಕೈ ಬೀಸಿದೆ. ಅವಳು ಕ್ಯಾನು ಹಿಡಿದು ಅಲ್ಲೇ ನಿಂತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಲೋಹಿತಾ ಹೋಗಿಬಿಟ್ಟಳು. ಹೇಗೆ, ಎಲ್ಲಿ ಎಂದು ನಾನು ಹೇಳುವುದಿಲ್ಲ. ಅದನ್ನೇ ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದ ಇಬ್ಬರಿಗೆ ಅಂಗಡಿ ಮುಂದೆಯೇ ಉಗಿದಿದ್ದೇನೆ. ಹಿಂದಿನ ಸಂಜೆಯೂ ಹಸಿರು ಚುಕ್ಕೆ ಇತ್ತು. ಮಣ್ಣು ಮಾಡಿ ಬರುವಾಗ ಚೌಡಯ್ಯ ನನ್ನ ಕೈ ಹಿಡಿದುಕೊಂಡು, "ಚೆನ್ನಾಗಿದ್ಲಲ್ಲಮ್ಮ" ಎಂದ. ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಒಡೆದುಹೋದ ಅವನ ಗಂಟಲಲ್ಲಿ ಆ ಮಾತು ಗಾಳಿಯ ಹಾಗೆ ಬಂತು. "ಚೆನ್ನಾಗೇ ಇದ್ಲು ಕಣಣ್ಣ" ಎಂದು ನಾನೂ ಅಂದೆ.

ಆ ಆ್ಯಪನ್ನು ತೆರೆಯಲು ನನಗೆ ಮನಸ್ಸಾಗಲಿಲ್ಲ. ಕೆಂಪು ಬಂದರೆ ಹೇಗೂ ಸದ್ದು ಮಾಡುತ್ತದೆ ಎಂದು ಬಿಟ್ಟಿದ್ದೆ. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಎರಡು ದಿನಕ್ಕೆ ತಿಂಗಳ ವರದಿ ಕಳಿಸಬೇಕಾಗಿ ಬಂತು, ತೆರೆದೆ. ಲೋಹಿತಾಳ ಹೆಸರಿನ ಮುಂದೆ ಹಸಿರು ಚುಕ್ಕೆ ಇತ್ತು. ನಿನ್ನೆಯದು. ಹಿಂದಕ್ಕೆ ತಳ್ಳುತ್ತಾ ಹೋದೆ. ಮೊನ್ನೆ ಹಸಿರು, ಆಚೆ ಮೊನ್ನೆ ಹಸಿರು. ಅವಳು ತೀರಿಕೊಂಡ ದಿನದ ಸಂಜೆ ಒಂದನ್ನು ಬಿಟ್ಟು ಮಿಕ್ಕೆಲ್ಲಾ ದಿನವೂ ಹಸಿರು. ಸತ್ತ ಹುಡುಗಿ ದಿನಾ ಆರೂವರೆಗೆ ಚೆನ್ನಾಗಿದ್ದೇನೆ ಎಂದು ಹೇಳಿ ಕಳಿಸುತ್ತಿದ್ದಳು.

ಮಹಜಬೀನ್‌ಗೆ ಫೋನು ಮಾಡಿದೆ. ಮಾರನೆಯ ದಿನ ಮಧುಗಿರಿಗೆ ಹೋದೆ. ಅವಳು ಕಂಪ್ಯೂಟರಿನಲ್ಲಿ ಲೋಹಿತಾಳ ಪುಟ ತೆಗೆದಳು. ನಮ್ಮ ಫೋನಿಗೆ ಕೊನೆಯ ಮುಖ ಮಾತ್ರ ಬರುತ್ತದೆ, ಆದರೆ ಒಳಗೆ ಪ್ರತಿಯೊಂದು ಒತ್ತಿದ್ದೂ ಗಂಟೆ ನಿಮಿಷದ ಸಮೇತ ಉಳಿದಿರುತ್ತದಂತೆ. ಅವಳು ಕೊನೆಯವರೆಗೂ ಓದಿದಳು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಮೊದಲ ದಿನದಿಂದಲೂ ದಿನಕ್ಕೆ ಎರಡೆರಡು ಸಲ ಒತ್ತಿದ ಗುರುತಿತ್ತು. ಆರು ಗಂಟೆ ಎರಡು ನಿಮಿಷಕ್ಕೆ ಅಳುವ ಮುಖ. ಆರು ಹತ್ತಕ್ಕೋ ಹನ್ನೆರಡಕ್ಕೋ ನಗುವ ಮುಖ. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಮೂವತ್ತೆಂಟು ದಿನದಲ್ಲಿ ಇಪ್ಪತ್ತೊಂಬತ್ತು ದಿನ ಅಳುವ ಮುಖ ಒತ್ತಿದ್ದಳು ಲೋಹಿತಾ. ಮಿಕ್ಕ ದಿನ ಸುಮ್ಮನಿರುವ ಮುಖ. ಅದನ್ನೂ ಬಿಡದೆ ಯಾರೋ ನಗುವ ಮುಖ ಮಾಡಿದ್ದರು. ಅವಳು ಬದುಕಿದ್ದ ಕೊನೆಯ ಎರಡು ಸಂಜೆ ಮಾತ್ರ ಒಂದೇ ಸಲ ಒತ್ತಿದ ಗುರುತಿತ್ತು. ಆರು ಗಂಟೆ ಎರಡು ನಿಮಿಷಕ್ಕೆ, ನಗುವ ಮುಖ. ಅದು ಅವಳೇ ಒತ್ತಿದ್ದು.

ಕೊನೆಯ ಎರಡು ಸಂಜೆ ಎಂದರೆ ಡೈರಿ ಮುಂದೆ ನಾನು ಸಿಕ್ಕ ದಿನದ ಸಂಜೆ, ಮತ್ತು ಅದರ ಮಾರನೆಯ ಸಂಜೆ. ಅವಳ ಪಾಲಿಗೆ, ಅವಳೊತ್ತಿದ ಅಳುವ ಮುಖ ನೋಡಿ ನನಗೆ ಎಷ್ಟು ಸಂತೋಷ ಆಗುತ್ತದೆ ಎಂದು ನಾನು ಅವಳಿಗೆ ಹೇಳಿದ್ದೆ. ಇಂಗೇ ಒತ್ತುತಾ ಇರು ಎಂದಿದ್ದೆ.

ಮಹಜಬೀನ್‌ಗೆ ಅದನ್ನು ಹೇಳಿದೆ. ಅವಳು ನನ್ನ ಬೆನ್ನು ಸವರಿ, "ಒಂದು ಮಾತಿಗೆ ಯಾರೂ ಹೋಗಲ್ಲ ಅಕ್ಕಾ. ಒಳಗಿನ ನೋವು ದೊಡ್ಡದಿತ್ತು. ದಾಖಲೆ ತೆಗೆದು ನೋಡದೆ ಇದ್ದದ್ದು ನನ್ನದೂ ತಪ್ಪು" ಎಂದಳು. ಆ ಹುಡುಗಿ ಓದಿಕೊಂಡವಳು, ಅವಳು ಹೇಳಿದ್ದು ನಿಜವೇ ಇರಬೇಕು. ನನಗೆ ಅದು ಇವತ್ತಿಗೂ ಒಳಗೆ ಇಳಿದಿಲ್ಲ.

"ಆರು ಹತ್ತಕ್ಕೆ ಆ ಮನೇಲಿ ಏನು ನಡೆಯುತ್ತೆ ಅಕ್ಕಾ?" ಎಂದು ಕೇಳಿದಳು.

ಏನು ನಡೆಯುತ್ತದೆ? ಕರಿಬಸಮ್ಮ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ದೇವರಿಗೆ ದೀಪ ಹಚ್ಚುತ್ತಾಳೆ. ಅಷ್ಟು ನೆನಪಾಗಿದ್ದೇ ತಡ ಎಲ್ಲವೂ ತಿಳಿದುಹೋಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆ ಮೇಲೆ ಓಡಾಡುತ್ತಿರುತ್ತಾರೆ, ಆಗ ಆಡಿದ ಮಾತಿಗೆ ಅಸ್ತು ಅಂದುಬಿಡುತ್ತಾರೆ, ಅದಕ್ಕೆ ಆ ಹೊತ್ತಲ್ಲಿ ಕೆಟ್ಟದ್ದು ಆಡಬಾರದು, ಅಳಬಾರದು. ನನ್ನ ಅವ್ವನೂ ನನಗೆ ಹೇಳಿದ್ದಳು. ನಾನೂ ನನ್ನ ಮಕ್ಕಳಿಗೆ ಹೇಳಿದ್ದೇನೆ. ಇದನ್ನು ಹೇಳಿದಾಗ ಮಹಜಬೀನ್ ತಲೆಯಾಡಿಸಿ, "ನಮ್ಮ ಅಮ್ಮೀನೂ ಮಗ್ರಿಬ್ ನಮಾಜಿನ ಸಂಜೆ ಹೊತ್ತಲ್ಲಿ ಕೆಟ್ಟ ಮಾತು ಆಡೋಕೆ ಬಿಡಲ್ಲ" ಎಂದಳು. ಆರು ಗಂಟೆ ಎಂದು ಹೊತ್ತು ಇಟ್ಟವಳು ನಾನು. ತಿದ್ದಲು ಅರ್ಧ ಗಂಟೆ ಕೊಡಿಸಿದವಳೂ ನಾನು.

ಮಧುಗಿರಿಯಿಂದ ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಮೇಲಿದ್ದ ಸಿಟ್ಟೆಲ್ಲ ಕರಿಬಸಮ್ಮನ ಮೇಲೆ ತಿರುಗಿತು. ಅದು ಸುಲಭ, ಬೇರೆಯವರ ಮೇಲೆ ತಿರುಗಿಸುವುದು. ಮಗಳು ಇಪ್ಪತ್ತೊಂಬತ್ತು ಸಲ ಕೂಗಿದಳು, ಇಪ್ಪತ್ತೊಂಬತ್ತು ಸಲವೂ ಬಾಯಿ ಮುಚ್ಚಿಸಿದೆಯಲ್ಲೇ, ನಿನ್ನ ಕೈ ಸೇದಿಹೋಗ ಎಂದು ಅವಳ ಮುಖದ ಮೇಲೇ ಹೇಳಬೇಕು ಎಂದುಕೊಂಡೆ. ಇಳಿದವಳೇ ಮನೆಗೂ ಹೋಗದೆ ಅವರ ಮನೆ ಕಡೆ ನಡೆದೆ. ಹೊತ್ತು ಮುಳುಗುತ್ತಿತ್ತು. ಚೌಡಯ್ಯ ಆಗಷ್ಟೇ ಬಂದು ಜಗುಲಿ ಮೇಲೆ ಕೂತಿದ್ದ. "ಒಳಗವ್ಳೆ, ಹೋಗಮ್ಮ" ಎಂದ.

ನಡುಮನೆಯಲ್ಲಿ ಕರಿಬಸಮ್ಮ ಅವತ್ತು ಆರಕ್ಕೆ ಮೊದಲೇ ದೀಪ ಹಚ್ಚಿ ಮುಗಿಸಿದ್ದಳು. ಹದಿಮೂರೇ ದಿನದಲ್ಲಿ ಅರ್ಧ ಆಗಿಹೋಗಿದ್ದಳು, ರವಿಕೆ ತೋಳು ಜೋಲುತ್ತಿತ್ತು. ಪ್ಲಗ್ಗಿನ ಹತ್ತಿರ ಫೋನು ಗಂಟೆ ಬಾರಿಸಿತು. ಅವಳು ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಪರದೆಯನ್ನು ಸೆರಗಿನಿಂದ ಒರೆಸಿದಳು, ಹೆಬ್ಬೆರಳಿನಿಂದ ನಗುವ ಮುಖ ಒತ್ತಿದಳು. ಆಮೇಲೆ ಫೋನನ್ನು ಕಣ್ಣಿಗೊತ್ತಿಕೊಂಡಳು. ನಾನು ಬಂದದ್ದು ಅವಳಿಗೆ ಆಗ ಕಾಣಿಸಿತು.

"ಬಾ ಗಂಗಮ್ಮ" ಎಂದಳು. "ಅಲ್ಲಾದ್ರೂ ನಗ್ತಾ ಇರ್ಲಿ ಅಂತ ಒತ್ತುತೀನಿ. ಮಗೀನ ಹತ್ರಕ್ಕೆ ಹೋಗವ್ಳಲ್ಲ."

ಬೈಯಲೆಂದೇ ಬಂದಿದ್ದ ನಾನು ಗೋಡೆ ಹಿಡಿದು ಕೂತೆ. ಲೋಹಿತಾ ಅವತ್ತು ಒರಗಿ ಕೂತಿದ್ದ ಗೋಡೆ ಅದು.

ಕರಿಬಸಮ್ಮ ನನ್ನ ಪಕ್ಕ ಕೂತಳು. ಕೇಳದೆಯೇ ಹೇಳತೊಡಗಿದಳು. "ದಿನಾ ಆ ಅಳೋ ಮುಖನೇ ಒತ್ತಿ ಇಟ್ಟಿರೋಳು ಕಣೆ. ದೀಪ ಹಚ್ಚೋ ಹೊತ್ನಾಗೆ, ದೇವ್ರ ಮುಂದೆ. ನನಗೆ ಎದೆ ಧಸಕ್ ಅಂತಿತ್ತು. ದೇವತೆಗಳು ಅಸ್ತು ಅಂದ್ಬುಟ್ರೆ ಏನ್ ಗತಿ? ಅವಳ್ಗೆ ಗೊತ್ತಾಗ್ದಂಗೆ ತಿದ್ದೀವ್ನಿ. ದಿನಾನೂ ತಿದ್ದೀವ್ನಿ, ಒಂದಿನಾನೂ ತಪ್ಪುಸ್ಲಿಲ್ಲ. ಕೊನೇಗೆ ಎರಡು ದಿನ ಅವಳೇ ನಗೋ ಮುಖ ಒತ್ತಿದ್ಲು. ನನ್ ಕೂಗು ದೇವ್ರಿಗೆ ಕೇಳ್ತು ಅಂದ್ಕಂಡೆ. ಅವತ್ತು ಹೋಳಿಗೆ ಮಾಡಿದ್ದೆ ಕಣೆ ಗಂಗಮ್ಮ. ಎರಡು ತಿಂದ್ಲು."

ನಾನು ಅವಳ ಕೈ ಹಿಡಿದುಕೊಂಡೆ. ಅವಳ ಹೆಬ್ಬೆರಳಿಗೆ ಎಣ್ಣೆ ಮೆತ್ತಿತ್ತು.

"ಒತ್ತಿಬುಟ್ಟು ಜಗುಲಿ ಮೇಲೆ ಹೋಗಿ ಕೂತ್ಕಳೋಳು" ಎಂದಳು ಅವಳು. "ಬೀದಿ ನೋಡ್ಕಂಡು. ದೀಪದ ಕಂಬ ಹತ್ತೋ ತನಕ ಕೂತಿರೋಳು. ಯಾರನ್ ಕಾಯ್ತೀಯೇ ಅಂದ್ರೆ ಯಾರೂ ಇಲ್ಲ ಅನ್ನೋಳು. ಗಂಡನ್ನ ಕಾಯ್ತವ್ಳೆ ಅಂದ್ಕಂಡಿದ್ದೆ."

ಆಗ ನಾನು ಅತ್ತೆ. ಊರಲ್ಲಿ ಯಾರೂ ನನ್ನನ್ನು ಹಾಗೆ ನೋಡಿಲ್ಲ. ನಾನೇ ಬರುತ್ತೇನೆ ಎಂದು ಆಣೆ ಹಾಕಿದವಳು ನಾನು. ಇಪ್ಪತ್ತೊಂಬತ್ತು ಸಂಜೆ ಆ ಹುಡುಗಿ ನನಗಾಗಿ ಬೀದಿ ನೋಡಿದ್ದಳು. ಅದೇ ಹೊತ್ತಿಗೆ ನಾನು ಎರಡು ಬೀದಿ ಆಚೆ ನನ್ನ ಮನೆಯಲ್ಲಿ ಹಸಿರು ಚುಕ್ಕೆ ನೋಡಿ ಒಲೆ ಹಚ್ಚುತ್ತಿದ್ದೆ.

"ನನ್ನ ಕಾಯ್ತಿದ್ಲು ಅಕ್ಕಾ" ಎಂದೆ. ಎಲ್ಲವನ್ನೂ ಹೇಳಿದೆ. ಆಣೆ ಹಾಕಿದ್ದು, ಊಟ ಆಯ್ತಾ ಎಂದು ಕೇಳಿ ಗುರುತು ಹಾಕಿದ್ದು, ಡೈರಿ ಮುಂದೆ ಆಡಿದ ಮಾತು. ಅವಳು ತಿದ್ದಿದ್ದರಿಂದ ಏನಾಯಿತು ಎಂದು ನಾನು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಕೇಳುತ್ತಾ ಕೇಳುತ್ತಾ ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

"ಅಂಗಾದ್ರೆ ನಾನೇ" ಎಂದಳು. ಅಳಲಿಲ್ಲ. ಲೋಹಿತಾ ಅವತ್ತು ಮೊಣಕಾಲು ಅಪ್ಪಿಕೊಂಡಿದ್ದ ಹಾಗೇ ಅವಳೂ ಅಪ್ಪಿಕೊಂಡಳು. ಆ ಕೂತ ಭಂಗಿ ಆಗ ನನ್ನ ಕಣ್ಣಿಗೆ ಬಿತ್ತು. ಅವಳು ಸೊರಗಿದ್ದಾಳೆ ಎಂದಷ್ಟೇ ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಊಟ ಆಯ್ತೇನಕ್ಕ ಎಂಬ ಮಾತು ನಾಲಿಗೆ ತುದಿಗೆ ಬಂತು. ಹದಿನಾಲ್ಕು ವರ್ಷದ ಅಭ್ಯಾಸ. ಅದನ್ನು ನುಂಗಿಕೊಂಡೆ.

"ಅಕ್ಕಾ, ನಿಂಗೆ ಸಾಯ್ಬೇಕು ಅನ್ನಿಸ್ತೈತಾ?"

ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಆಮೇಲೆ ದೀಪದ ಕಡೆ ನೋಡಿದಳು. "ದೀಪ ಹಚ್ಚೀವ್ನಿ ಕಣೆ. ಈ ಹೊತ್ನಾಗೆ ಕೇಳೋ ಮಾತಾ ಅದು?"

"ಈ ಹೊತ್ನಾಗೇ ಕೇಳ್ತಿದೀನಿ. ಹೇಳು."

ಹೊರಗೆ ಚೌಡಯ್ಯ ಕೆಮ್ಮಿದ. ಆಮೇಲೆ ಅವಳು ನೆಲಕ್ಕೆ ಕೈಯೂರಿ ಎದ್ದಳು, ದೇವರ ಮನೆಯ ಬಾಗಿಲನ್ನು ಎಳೆದು ಮುಚ್ಚಿದಳು, ಚಿಲಕ ಹಾಕಿದಳು. ಬಂದು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಹೂಂ. ದಿನಾ ಅನ್ನಿಸ್ತೈತೆ."

ಹೇಳಿದವಳೇ ನನ್ನ ಹೆಗಲ ಮೇಲೆ ಬಿದ್ದು ಗೋಳಾಡಿ ಅತ್ತಳು. ಮಗಳನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಚೌಡಯ್ಯ ಒಳಗೆ ಓಡಿ ಬಂದ, ನಮ್ಮಿಬ್ಬರನ್ನೂ ನೋಡಿ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತ. ನಾನು ಅವಳನ್ನು ಬಿಡದೆ ಒಂದು ಕೈಯಲ್ಲಿ ಮಹಜಬೀನ್‌ಗೆ ಫೋನು ಮಾಡಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ ಎಂದಳು. ಆಮೇಲೆ ಕರಿಬಸಮ್ಮನ ಜೊತೆಯೇ ಸ್ವಲ್ಪ ಹೊತ್ತು ಮಾತಾಡಿದಳು. ಏನು ಹೇಳಿದಳೋ, ಕರಿಬಸಮ್ಮ ಹೂಂ, ಹೂಂ ಎನ್ನುತ್ತಿದ್ದಳು.

ಫೋನು ಇಟ್ಟ ಮೇಲೆ ಅವಳು ಎದ್ದು ಪ್ಲಗ್ಗಿನ ಹತ್ತಿರ ಹೋದಳು. ಚೌಡಯ್ಯನ ಫೋನು ತೆಗೆದುಕೊಂಡಳು. ನಗುವ ಮುಖ ಇನ್ನೂ ಹಾಗೇ ಇತ್ತು, ಅರ್ಧ ಗಂಟೆ ಮುಗಿದಿರಲಿಲ್ಲ. ಅಷ್ಟು ದಿನವೂ ತಿದ್ದಿದ ಹೆಬ್ಬೆರಳಿನಿಂದ ಅದನ್ನು ಇನ್ನೊಮ್ಮೆ ತಿದ್ದಿದಳು. ಅಳುವ ಮುಖ ಒತ್ತಿ, ಫೋನನ್ನು ಅಲ್ಲೇ ಇಟ್ಟು, ಬಂದು ನನ್ನ ಪಕ್ಕ ಕೂತಳು. ಯಾರೂ ಅದರ ಹತ್ತಿರ ಹೋಗಲಿಲ್ಲ.

ಆರೂವರೆಗೆ ನನ್ನ ಚೀಲದೊಳಗಿನ ಫೋನು ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಂಡಿತು. ತೆಗೆದು ನೋಡಿದೆ. ಆ ಮನೆಯಿಂದ ನನಗೆ ಬಂದ ಮೊದಲನೆಯ ಕೆಂಪು ಚುಕ್ಕೆ.

"ಏನಂತೈತೆ?" ಎಂದು ಕರಿಬಸಮ್ಮ ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ.

"ಲೋಹಿತಾ ಅಂತೈತೆ ಅಕ್ಕಾ. ಲೋಹಿತಾ ಕಷ್ಟದಲ್ಲಿದ್ದಾಳೆ, ಕೂಡಲೇ ಮನೆಗೆ ಹೋಗಿ ಅಂತೈತೆ."

ಕೆಳಗೆ ಒಂದೇ ಒಂದು ಗುಂಡಿ ಇತ್ತು. ತಲುಪಿದ್ದೇನೆ. ಅದನ್ನು ಒತ್ತುವವರೆಗೂ ಸದ್ದು ನಿಲ್ಲುವುದಿಲ್ಲ. ನನ್ನ ಬೆರಳು ಏಳಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು, ನಾವು ಮೂವರೂ ಅದನ್ನು ಕೇಳುತ್ತಾ ಕೂತಿದ್ದೆವು.